ಟಗಾಲೊಗ್‌ನಲ್ಲಿ ‘ಇದೆ’, ‘ಇಲ್ಲ’, ‘ನನ್ನ ಹತ್ರ ಇದೆ’: ಈ ಮಯ್–ಮೆರೊನ್–ವಲ ಗಂಟು ಯಾರಾದ್ರೂ ಬಿಡಿಸಿಕೊಡ್ತೀರಾ?

ಮಂಡ್ಯದಿಂದ_ಲಗೂನಾಕ್ಕೆ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಭತ್ತದ ತಳಿ ಕೆಲಸದವರು. ಫಿಲಿಪ್ಪೀನ್ಸ್‌ನ ಲಗೂನಾ ಪ್ರಾಂತ್ಯದ ಲಾಸ್ ಬಾನ್ಯೊಸ್‌ಗೆ ಬಂದು 8 ತಿಂಗಳಾಯ್ತು. (ನಮ್ಮ ತಾತ ‘ಐಆರ್‌ಎಂಟು ಭತ್ತ’ ಅಂತಿದ್ರಲ್ಲ, ಅದು 1966ರಲ್ಲಿ ಹೊರಬಂದಿದ್ದು ಇದೇ ಊರಿನ ಸಂಶೋಧನಾ ಸಂಸ್ಥೆಯಿಂದ. ಗದ್ದೆ ಬಯಲು ನೋಡಿದ್ರೆ ಒಂದೊಂದ್ಸಲ ಪಾಂಡವಪುರದ ಕಡೆ ಇದ್ದೀನೇನೋ ಅನ್ನಿಸುತ್ತೆ.)

ಆಫೀಸಿನವರೆಲ್ಲ ಇಂಗ್ಲಿಷ್ ಮಾತಾಡ್ತಾರೆ. ನನ್ನ ಓಡಾಟ ಇರೋದು ಎದುರಿನ ಸಾರಿ-ಸಾರಿ ಅಂಗಡಿ (ದಿನಸಿ ಸಾಮಾನಿನ ಪುಟ್ಟ ಅಂಗಡಿ), ಸಂತೆ, ಪಕ್ಕದ್ಮನೆ ಅಕ್ಕ, ಇಷ್ಟೇ. ಅವರ ಜೊತೆ ಇಲ್ಲಿನವರ ಭಾಷೆ ಟಗಾಲೊಗ್‌ನಲ್ಲೇ ಮಾತಾಡ್ಬೇಕು ಅಂತ ಹಟ. ಮೊದಲು ಖುಷಿಯಾಗಿತ್ತು. ಇವರೂ ನಮ್ಮ ಹಾಗೇ ಭತ್ತಕ್ಕೆ ಪಾಲಯ್, ಅಕ್ಕಿಗೆ ಬಿಗಸ್, ಅನ್ನಕ್ಕೆ ಕಾನಿನ್ ಅಂತ ಮೂರು ಬೇರೆ ಬೇರೆ ಹೆಸರಿಟ್ಟುಕೊಂಡಿದ್ದಾರೆ. ಇಂಥ ಭಾಷೆ ಬೇಗ ಬರುತ್ತೆ ಅಂದ್ಕೊಂಡೆ. ‘ಇದೆ’ ಅನ್ನೋ ಪದದ ಹತ್ರ ಬಂದು ಗಾಡಿ ಹೂತುಕೊಂಡಿದೆ.

ಮೊನ್ನೆ ಅಂಗಡಿ ಆತೆ (ಅಕ್ಕ ಅನ್ನೋದಕ್ಕೆ ಇಲ್ಲಿ ಆತೆ) ‘ಅಕ್ಕಿ ಬೇಕಾ’ ಅಂದ್ರು. ‘ನನ್ನ ಹತ್ರ ಅಕ್ಕಿ ಇದೆ’ ಅಂತ ಹೇಳೋಕೆ ‘ಮಯ್ ಬಿಗಸ್ ಸ ಅಕಿನ್’ ಅಂದೆ. ಮಯ್ ಅಂದ್ರೆ ಇದೆ, ಬಿಗಸ್ ಅಂದ್ರೆ ಅಕ್ಕಿ, ಸ ಅಕಿನ್ ಅಂದ್ರೆ ನನಗೆ, ನನ್ನ ಹತ್ರ. ಎಲ್ಲ ಸರಿ ತಾನೆ? ಆಕೆ ನನ್ನ ಸೀರೆ ಸೆರಗು, ತೋಳು ಎಲ್ಲ ನೋಡಿದ್ರು. ಮೈಮೇಲೆ ಎಲ್ಲೋ ಅಕ್ಕಿ ಅಂಟಿಕೊಂಡಿದೆ ಅಂತ ಹೇಳ್ತಿದ್ದೀನೇನೋ ಅನ್ನೋ ಹಾಗೆ.

ಇದು ಒಂದು. ಎರಡನೇದು, ಒಂದೇ ಅರ್ಥಕ್ಕೆ ಮಯ್ ಯಾಕೆ, ಮೆರೊನ್ ಯಾಕೆ? ಮೂರನೇದು ‘ವಲ’, ಅಂದ್ರೆ ‘ಇಲ್ಲ’ ಅನ್ನೋದರ ವಿಷಯ. ಅದರಲ್ಲಿ ನಮ್ಮ ಯಜಮಾನರ ಪ್ರಾಣಕ್ಕೇ ಕುತ್ತು ಬಂದಿತ್ತು, ಆಮೇಲೆ ಹೇಳ್ತೀನಿ.

ಬರವಣಿಗೆ ಬಗ್ಗೆ ಒಂದು ಮಾತು: ಇವರ ಪದಗಳ ಕೊನೆಗೆ ಬರೋ ಮೂಗಿನ ಸದ್ದಿಗೆ ‘ಙ’ ಬಳಸ್ತಿದ್ದೀನಿ. ಕ ಖ ಗ ಘ ಆದ ಮೇಲೆ ಒಂದನೇ ಕ್ಲಾಸಿನಿಂದ ಕೆಲಸವಿಲ್ಲದೆ ಕೂತಿದ್ದ ಅಕ್ಷರ. ಇಲ್ಲಿ ದಿನಾ ಡ್ಯೂಟಿ.

ಕಡಲಹಕ್ಕಿ

ಅಕ್ಕ, ನಾನು ಹಡಗಿನ ಎಂಜಿನ್ ರೂಮಿನವ, ಊರು ಮಂಗಳೂರು. 11 ವರ್ಷದಿಂದ ಫಿಲಿಪಿನೊ ಹುಡುಗರ ಒಟ್ಟಿಗೇ ಕೆಲಸ. ವ್ಯಾಕರಣ ಎಂತದೂ ಗೊತ್ತಿಲ್ಲ, ಕಿವಿಯಲ್ಲಿ ಕಲಿತದ್ದು.

ನೀವು ‘ಸ ಅಕಿನ್’ ಬಿಟ್ಟುಬಿಡಿ ಮಾರಾಯ್ರೆ. ‘ಮಯ್ ಬಿಗಸ್ ಅಕೊ’ ಹೇಳಿ. ಅಕೊ ಅಂದರೆ ‘ನಾನು’. ನನಗೆ ಅಲ್ಲ, ನನ್ನ ಅಲ್ಲ, ನನ್ನಲ್ಲಿ ಅಲ್ಲ. ಬರೇ ನಾನು. ಶುರುವಿಗೆ ನನಗೂ ವಿಚಿತ್ರ ಕಂಡಿತ್ತು. ‘ಅಕ್ಕಿ ಉಂಟು ನಾನು’ ಅಂತ ಯಾರಾದರೂ ಹೇಳ್ತಾರಾ? ಆದರೆ ಅವರು ಹಾಗೆಯೇ ಹೇಳುದು.

ದುಡ್ಡು ಉಂಟು: ಮಯ್ ಪೆರ ಅಕೊ.
ಜ್ವರ ಉಂಟು: ಮಯ್ ಲಗ್ನಾತ್ ಅಕೊ.
ಮಕ್ಕಳುಂಟು: ಮಯ್ ಅನಾಕ್ ಅಕೊ.

ನಮ್ಮಲ್ಲಿ ದುಡ್ಡು ‘ನನ್ನ ಹತ್ರ’, ಜ್ವರ ‘ನನಗೆ’, ಧೈರ್ಯ ‘ನನ್ನಲ್ಲಿ’. ಒಂದೊಂದಕ್ಕೆ ಒಂದೊಂದು. ಅವರಿಗೆ ಎಲ್ಲ ಒಂದೇ ಅಚ್ಚು.

ಮತ್ತೆ ನಮ್ಮ ಊರಿನವರಿಗೆ ಇನ್ನೊಂದು ಸುಲಭ ಉಂಟು. ನೀವು ಘಟ್ಟದ ಮೇಲಿನವರು ಇದೆ, ಇವೆ, ಇದ್ದಾನೆ, ಇದ್ದಾಳೆ ಅಂತ ಲೆಕ್ಕ ಹಾಕ್ತಾ ಕೂತ್ಕೊಳ್ಳುದು. ‘ಮಯ್’ ಅಂದರೆ ನಮ್ಮ ‘ಉಂಟು’ವಿನ ಹಾಗೆ, ಬದಲಾಗುವುದೇ ಇಲ್ಲ. ಒಂದು ಪುಸ್ತಕಕ್ಕೂ ಮಯ್, ನೂರು ಪುಸ್ತಕಕ್ಕೂ ಮಯ್, ಮನುಷ್ಯರಿಗೂ ಮಯ್. ಶೌಚಾಲಯದ ಬಾಗಿಲು ಬಡಿದರೆ ಒಳಗಿನಿಂದ ‘ಮಯ್ ತಾಒ!’ ಅಂತ ಕೂಗ್ತಾರೆ. ‘ಜನ ಉಂಟು’ ಅಂತ.

ಬಿಸಿಬೇಳೆ_ಬ್ರೋ

ಇಷ್ಟು ಕಷ್ಟ ಯಾಕೆ? ಇಂಗ್ಲಿಷಿನ ‘ಐ ಹ್ಯಾವ್’ ಅಂತ ತಲೇಲಿಟ್ಕೊಂಡ್ರೆ ಆಯ್ತು. ಅಲ್ಲೂ ‘ನಾನು’ ಅಂತಾನೇ ಇರೋದಲ್ವಾ. ಅಲ್ಲದೆ ಅಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ.

ದುಬೈ_ದರ್ಶಿನಿ

ಬ್ರೋ, ಹ್ಯಾವ್ ಹಿಡ್ಕೊಂಡು ನಾನು ಮೂರು ವರ್ಷ ತಪ್ಪು ಮಾತಾಡಿದ್ದೀನಿ, ಅನುಭವದಿಂದ ಹೇಳ್ತೀನಿ ಕೇಳಿ. ನಮ್ಮ ಕ್ಲಿನಿಕ್‌ನ ರಿಸೆಪ್ಷನ್‌ನಲ್ಲಿ ನಾನೊಬ್ಬಳೇ ಕನ್ನಡದವಳು, ಉಳಿದ ನಾಲ್ವರು ಕಬಯಾನ್‌ಗಳು (ಇಲ್ಲಿ ಫಿಲಿಪಿನೊಗಳನ್ನ ಎಲ್ಲರೂ ಹಾಗೇ ಕರೆಯೋದು, ‘ನಮ್ಮೂರಿನೋರು’ ಅಂತ ಅರ್ಥವಂತೆ).

ಹ್ಯಾವ್ ಅಂದ್ಕೊಂಡ್ರೆ ಮೊದಲು ಪದಗಳ ಜಾಗ ಹಾಳಾಗುತ್ತೆ. ‘ಅಕೊ ಮಯ್ ಪೆರ’ ಅಂತ ಶುರು ಮಾಡ್ತೀವಿ. ಅವರು ‘ಉಂಟು’ ಅನ್ನೋದನ್ನ ಮೊದಲು ಇಡ್ತಾರೆ. ಎರಡನೇದು, ‘ಇಲ್ಲ’ ಅನ್ನೋಕೆ ‘ಡೋಂಟ್ ಹ್ಯಾವ್’ ನೆನಪಾಗಿ ‘ಹಿಂದಿ ಮಯ್ ಪೆರ’ ಅಂತೀವಿ. ಅದು ಪೂರ್ತಿ ತಪ್ಪು. ಮಯ್‌ಗೆ ನಕಾರ ಸೇರಿಸೋಕೇ ಆಗಲ್ಲ, ಅದರ ಜಾಗಕ್ಕೆ ‘ವಲ’ ಬಂದು ಕೂರುತ್ತೆ. ನಮ್ಮಲ್ಲಿ ‘ಇದೆ’ ಎದ್ದುಹೋಗಿ ‘ಇಲ್ಲ’ ಬರೋ ಹಾಗೆ. ಇಂಗ್ಲಿಷ್‌ಗಿಂತ ಕನ್ನಡವೇ ಇಲ್ಲಿ ಹತ್ತಿರದ ದಾರಿ.

ಮೂರನೇದಕ್ಕೆ ಬೈಸಿಕೊಂಡಿದ್ದೀನಿ. ಔಷಧಿ ಕಪಾಟಿನ ಕೀ ಯಾರ ಹತ್ರ ಅಂತ ಹುಡುಕ್ತಿದ್ರು. ‘ಮಯ್ ಸೂಸಿ ಅಕೊ’ ಅಂದೆ. ಅಂದ್ರೆ ‘ನನ್ನ ಹತ್ರ ಯಾವುದೋ ಒಂದು ಕೀ ಇದೆ’ ಅಂತ. ಯಾರಿಗಿಲ್ಲ? ಎಲ್ಲರೂ ಹುಡುಕ್ತಾನೇ ಇದ್ರು. ಆ ಗೊತ್ತಿರೋ ಕೀ, ಆ ನಿರ್ದಿಷ್ಟ ಕೀ ನನ್ನ ಕೈಲಿದೆ ಅನ್ನೋಕೆ ‘ನಾಸ ಅಕಿನ್ ಅಙ್ ಸೂಸಿ’ ಅನ್ಬೇಕು. ‘ಅಕಿನ್ ಅಙ್ ಸೂಸಿ’ ಅಂದ್ರೆ ಇನ್ನೂ ಬೇರೆ, ‘ಆ ಕೀ ನನ್ನದು’ ಅಂತ. ನನ್ನದು ಅನ್ನೋದು ಬೇರೆ, ನನ್ನ ಹತ್ರ ಇದೆ ಅನ್ನೋದು ಬೇರೆ, ಒಂದು ಇದೆ ಅನ್ನೋದು ಬೇರೆ.

ಇನ್ನು ಇಂಗ್ಲಿಷ್ ಸಾಕು ಅನ್ನೋದು ಸರಿ. ಆದ್ರೆ ಅವರು ಊಟಕ್ಕೆ ಕೂತಾಗ ಇಂಗ್ಲಿಷ್‌ನಲ್ಲಿ ನಗಲ್ಲ.

ಮಂಡ್ಯದಿಂದ_ಲಗೂನಾಕ್ಕೆ

ದರ್ಶಿನಿ, ‘ಹಿಂದಿ’ ಅನ್ನೋ ಪದ ಬಂತಲ್ಲ, ನಾವು ಬಂದ ವಾರ ಒಂದು ತಮಾಷೆ. ನಮ್ಮತ್ತೆ ವೀಡಿಯೊ ಕಾಲ್‌ನಲ್ಲಿದ್ರು, ಹಿಂದೆ ಯಾರೋ ‘ಹಿಂದಿ, ಹಿಂದಿ!’ ಅಂತ ಕೂಗ್ತಿದ್ರು. ‘ಅಲ್ಲೂ ಹಿಂದಿ ಮಾತಾಡು ಅಂತ ಗಂಟು ಬಿದ್ದವ್ರೇನೇ?’ ಅಂದ್ರು ಅತ್ತೆ. ಇಲ್ಲಿ ಹಿಂದಿ ಅಂದ್ರೆ ‘ಅಲ್ಲ’ ಅಂತ ಅವರಿಗೆ ಒಪ್ಪಿಸೋಕೆ ಹತ್ತು ನಿಮಿಷ ಹಿಡೀತು.

ಸರಿ, ಅಕೊ ಅನ್ನೋದು ಒಪ್ಪಿಕೊಂಡೆ. ಆದ್ರೂ ‘ಅಕ್ಕಿ ಉಂಟು ನಾನು’ ಅನ್ನೋದು ನಾಲಿಗೆ ಮೇಲೆ ಕೂರ್ತಿಲ್ಲ. ಬಾಯಿಪಾಠ ಮಾಡದೆ ಬೇರೆ ದಾರಿ ಇಲ್ವಾ?

ಹಳೆ_ಮಾಸ್ತರ

ತಂಗಿ, ನಾ ಧಾರವಾಡದಾಗ ಮೂವತ್ತು ವರ್ಷ ಕನ್ನಡ ಕಲಿಸಿದಾಂವ. ನಮ್ಮ ಸೊಸಿ ಫಿಲಿಪ್ಪೀನ್ಸದ ಬುಲಕಾನ್ ಕಡೆಯಾಕಿ. ಮಗ-ಸೊಸಿ ಕೆನಡಾದಾಗ ಇರತಾರ. ಆರು ತಿಂಗಳು ನಾನೂ ಹೋಗಿ ಇದ್ದು ಬರತೇನಿ, ಮೊಮ್ಮಗಳ ಸಂಗಾಟ ನಾನೂ ಕಲೀಲಿಕ್ಕೆ ಹತ್ತೇನಿ.

ಬಾಯಿಪಾಠ ಬ್ಯಾಡ. ‘ನನ್ನ ಹತ್ರ ಅಕ್ಕಿ ಅದ’ ಅಂತ ವಿಚಾರ ಮಾಡೂದನ್ನ ಬಿಡ್ರಿ. ‘ಅಕ್ಕಿ ಉಳ್ಳಾಕಿ ನಾನು’ ಅಂತ ವಿಚಾರ ಮಾಡ್ರಿ. ಈಗ ನೋಡ್ರಿ ಹೆಂಗ ಕೂಡತದ: ಮಯ್ ಬಿಗಸ್ ಅಂದ್ರ ‘ಅಕ್ಕಿ ಉಳ್ಳ’, ಅಕೊ ಅಂದ್ರ ‘ನಾನು’. ಮಯ್ ಲಗ್ನಾತ್ ಅಕೊ, ‘ಜ್ವರ ಉಳ್ಳಾಂವ ನಾನು’. ಇಲ್ಲೆ ‘ನನಗ’ ಅನ್ನೂದಕ್ಕ ಜಾಗಾನ ಇಲ್ಲ. ಹಣವಂತ, ಬುದ್ಧಿವಂತ ಅಂತೇವಲ್ಲ, ಅಲ್ಲೆ ಯಾರರ ‘ನನಗ ಹಣವಂತ’ ಅಂತಾರೇನು? ‘ನಾನು ಹಣವಂತ’ ಅಂತೇವಿ.

ಇದು ನನ್ನ ಕಲ್ಪನಾ ಅಲ್ಲ, ಆ ಭಾಷಾದಾಗ ಮಯ್ ಕೂಡಿಸಿ ಕಟ್ಟಿದ ಶಬ್ದ ರಗಡ ಅದಾವ. ಮಯ್-ಆರಿ ಅಂದ್ರ ಸ್ವತ್ತು ಉಳ್ಳಾಂವ, ಮಾಲಕ. ಮಯ್-ಅಕ್ದಾ ಅಂದ್ರ ಗ್ರಂಥ ಬರೆದಾಂವ. ಮಯ್ ಸಕಿತ್, ರೋಗ ಉಳ್ಳಾಂವ. ಮಯ್ ಅಸಾವ, ಲಗ್ನ ಆದಾಂವ ಅಥವಾ ಆದಾಕಿ (ಅಸಾವ ಅಂದ್ರ ಗಂಡನೂ ಹೌದು, ಹೇಣ್ತಿನೂ ಹೌದು). ಎಲ್ಲಾಕ್ಕಿಂತ ಚಂದ ಅಂದ್ರ ‘ಮಯ್-ಕಾಯ’. ಕಾಯ ಅಂದ್ರ ಶಕ್ತಿ, ಅನುಕೂಲ. ಮಯ್-ಕಾಯ ಅಂದ್ರ ಶ್ರೀಮಂತರು. ನಮ್ಮಲ್ಲೆ ಅವರಿಗೆ ಏನಂತೇವ್ರಿ? ‘ಉಳ್ಳವರು’!

ಮಂಗಳೂರಿನವರು ‘ಉಂಟು’ ಅಂದದ್ದಕ್ಕೂ ಇದಕ್ಕೂ ಜಗಳ ಇಲ್ಲ. ಉಂಟು, ಉಳ್ಳ ಎರಡೂ ‘ಉಳ್’ ಅನ್ನೂ ಒಂದ ಧಾತುವಿನ ಮಕ್ಕಳು. ‘ಮಯ್ ಲಿಬ್ರೊ ಸ ಮೆಸ’, ಟೇಬಲ್ ಮ್ಯಾಲ ಪುಸ್ತಕ ಉಂಟು. ಇಲ್ಲೆ ‘ಉಂಟು’ ಹಿಡೀರಿ. ‘ಮಯ್ ಲಿಬ್ರೊ ಅಕೊ’, ಪುಸ್ತಕ ಉಳ್ಳಾಂವ ನಾನು. ಇಲ್ಲೆ ‘ಉಳ್ಳ’ ಹಿಡೀರಿ.

ಕಡಲಹಕ್ಕಿ

ಮಾಸ್ತರೇ, ಹನ್ನೊಂದು ವರ್ಷ ಇದನ್ನು ಹೇಳ್ತಾ ಇದ್ದೇನೆ. ಯಾಕೆ ಹೀಗೆ ಅಂತ ಇವತ್ತು ಗೊತ್ತಾಯಿತು.

ಮಂಡ್ಯದಿಂದ_ಲಗೂನಾಕ್ಕೆ

ನನಗೂ. ‘ಅಕ್ಕಿ ಉಳ್ಳವಳು ನಾನು’ ಅಂತ ಅಡುಗೆಮನೇಲಿ ನಿಂತು ನಾಲ್ಕು ಸಲ ಹೇಳ್ಕೊಂಡೆ. ಏನೋ ಪಟೇಲರ ಮನೆ ಸೊಸೆ ಅನ್ನಿಸ್ತು.

ಈಗ ಮೆರೊನ್ ಹೇಳಿ ಮಾಸ್ತರೇ. ಅಂಗಡಿಯವರ ಬಾಯಲ್ಲಿ ಅದೇ ಜಾಸ್ತಿ ಕೇಳೋದು. ನಾನು ‘ಮಯ್ ಅಕೊಙ್ ಬಿಗಸ್’ ಅಂದ್ರೆ ತಪ್ಪು ಅಂತಾರೆ, ‘ಮೆರೊನ್ ಅಕೊಙ್ ಬಿಗಸ್’ ಅಂದ್ರೆ ಸರಿ ಅಂತಾರೆ.

ಹಳೆ_ಮಾಸ್ತರ

ಮಯ್ ಅನ್ನೂದು ಒಂಟಿ ಇರಲಾರದ ಪದ. ಮುಂದಿನ ಪದದ ಕೊರಳಿಗೆ ಜೋತು ಬೀಳತದ. ‘ಮಯ್-ಬಿಗಸ್’ ಒಂದ ಗಂಟು ಅಂತ ತಿಳೀರಿ. ಆ ಗಂಟಿನ ನಡುವ ‘ನಾನು’ ಆಗಲಿ, ‘ಏನು’ ಆಗಲಿ ಯಾವುದೂ ತೂರಂಗಿಲ್ಲ. ಏನಿದ್ರೂ ಗಂಟಿನ ಆಮ್ಯಾಲ ಬರಬೇಕು: ಮಯ್ ಬಿಗಸ್ ಅಕೊ.

ಮೆರೊನ್ ಸ್ವತಂತ್ರ ಪದ. ಬರಿಯೂವಾಗ ಮಯ್ರೊಒನ್ ಅಂತ ಬರೀತಾರ. ಮಯ್ ಮತ್ತ ದೊಒನ್, ಅಂದ್ರ ‘ಅಲ್ಲೆ’, ಎರಡೂ ಕೂಡಿ ಆದದ್ದು. ಅದು ತನ್ನ ಕಾಲ ಮ್ಯಾಲ ನಿಲ್ಲತದ, ಹಂಗಾಗಿ ‘ಅಕೊ’ದಂಥ ಸಣ್ಣ ಪದಗಳು ಓಡಿ ಬಂದು ಅದರ ಬೆನ್ನಿಗೇ ನಿಂದರತಾವ. ಆಮ್ಯಾಲ ವಸ್ತುವಿನ ಹೆಸರು. ಇವೆರಡರ ನಡುವ ಒಂದು ಕೊಂಡಿ ಬೇಕು, ಅದ ಆ ‘ಙ್’. ಮೆರೊನ್ – ಅಕೊ+ಙ್ – ಬಿಗಸ್.

ಪರೀಕ್ಷಾ ಮಾಡಿ ನೋಡ್ರಿ. ಯಾರರ ‘ಮಯ್ ಪೆರ ಕ ಬಾ?’, ರೊಕ್ಕ ಅದ ಏನು, ಅಂತ ಕೇಳಿದ್ರ ಬರೇ ‘ಮಯ್’ ಅಂತ ಉತ್ತರ ಕೊಡಲಿಕ್ಕೆ ಬರೂದುಲ್ಲ. ‘ಮೆರೊನ್’ ಅನಬೇಕು. ಇಲ್ಲಾಂದ್ರ ‘ವಲ’.

ದುಬೈ_ದರ್ಶಿನಿ

ಆ ಙ್ ಬಗ್ಗೆ ಒಂದು ಸೇರಿಸ್ತೀನಿ, ಅಲ್ಲೇ ಎಲ್ಲರೂ ಬೀಳೋದು. ಅದು ಯಾವಾಗ್ಲೂ ‘ಅಕೊ’ ಜೊತೆಗೇ ಇರುತ್ತೆ ಅಂದ್ಕೋಬೇಡಿ. ನಡುವೆ ಎಷ್ಟು ಸಣ್ಣ ಪದಗಳು ಬಂದು ಸಾಲು ನಿಂತ್ರೂ, ಙ್ ಹೋಗಿ ಕಡೆಯದಕ್ಕೆ ಅಂಟಿಕೊಳ್ಳುತ್ತೆ. ರೈಲಿನ ಕೊನೆ ಡಬ್ಬಿಯಲ್ಲಿ ಗಾರ್ಡ್ ಇರೋ ಹಾಗೆ.

ಮೆರೊನ್ ಕಙ್ ಬಿಗಸ್: ನಿನ್ನ ಹತ್ರ ಅಕ್ಕಿ ಇದೆ.
ಮೆರೊನ್ ಕ ಬಙ್ ಬಿಗಸ್? : ನಿನ್ನ ಹತ್ರ ಅಕ್ಕಿ ಇದೆಯಾ?
ಮೆರೊನ್ ಕ ಪ ಬಙ್ ಬಿಗಸ್? : ಇನ್ನೂ ಅಕ್ಕಿ ಇದೆಯಾ?
ಮೆರೊನ್ ಪ ಪೊ ಬ ಕಯೊಙ್ ಬಿಗಸ್? : ನಿಮ್ಮ ಹತ್ರ ಇನ್ನೂ ಅಕ್ಕಿ ಇದೆಯಾ ಅಮ್ಮ?

ಕೊನೆಯದರಲ್ಲಿ ‘ಕಯೊ’ ಬಂತಲ್ಲ, ಅದು ಮರ್ಯಾದೆಯ ‘ನೀವು’. ‘ಕ’ ಅಂದ್ರೆ ‘ನೀನು’. ಎರಡು ಉಚ್ಚಾರದ ಕಯೊ ಸಾಲಿನ ಕೊನೆಗೆ ಹೋಗುತ್ತೆ, ಒಂದೇ ಉಚ್ಚಾರದ ಕ ಮುಂದೆ ನುಗ್ಗುತ್ತೆ.

ಹಳೆ_ಮಾಸ್ತರ

ಆ ‘ಪೊ’ ಅನ್ನೂದು ನಮ್ಮ ಕಡೆಯ ‘ರಿ’ ಅಂತ ತಿಳದ್ರ ಮುಗೀತು. ‘ವಲ ಪೊ’, ‘ಇಲ್ರಿ’. ಮೈಸೂರು ಕಡೆಯವರಿಗೆ ಸ್ವಲ್ಪ ಕಷ್ಟ ಆಗಬಹುದು :)

ಕಡಲಹಕ್ಕಿ

ನಾನು ‘ಮೆರೊನ್ ಅಕೊ ಪೆರ’ ಅಂತಲೇ ಹೇಳುದು, ಙ್ ಇಲ್ಲದೆ. ಯಾರೂ ತಪ್ಪು ಅಂತ ಹೇಳಿದ್ದಿಲ್ಲ.

ದುಬೈ_ದರ್ಶಿನಿ

ನೀವು ಎಂಜಿನ್ ರೂಮಿನಲ್ಲಿ ಕಲಿತಿದ್ದು ಅಣ್ಣ, ಅಲ್ಲಿ ಙ್ ಯಾರಿಗೆ ಕೇಳಿಸುತ್ತೆ? ಅರ್ಥ ಆಗುತ್ತೆ, ಅದಕ್ಕೇ ಬಿಟ್ಟಿದ್ದಾರೆ. ತಪ್ಪಂತೂ ಹೌದು.

ಹಳೆ_ಮಾಸ್ತರ

ಕಡಲಹಕ್ಕಿಯವರ ಪರವಾಗಿ ಒಂದು ಸಾಕ್ಷಿ ಹೇಳತೇನಿ. ಸ್ಪೇನದವರು ಬರೂ ಮುಂಚೆ ಟಗಾಲೊಗಿಗೆ ಬಯ್ಬಾಯಿನ್ ಅನ್ನೂ ಲಿಪಿ ಇತ್ತು, ನಮ್ಮ ಲಿಪಿಯಂಗ ಬ್ರಾಹ್ಮಿ ಮನೆತನದ್ದು. ಅದರಾಗ ಅಕ್ಷರದ ಕೊನೀ ವ್ಯಂಜನ ಬರೀತಿದ್ದಿಲ್ಲ. 1593ರಾಗ ಮನಿಲಾದಾಗ ಅಚ್ಚಾದ ಕ್ರೈಸ್ತ ಪ್ರಾರ್ಥನಾ ಪುಸ್ತಕದಾಗೂ ಹಂಗ ಅದ. ‘ವಲಙ್’ ಅಂತ ಓದಬೇಕಾದಲ್ಲೆ ಬರೇ ‘ವ ಲ’. ಓದಾಂವ ತಾನ ಙ್ ಹಚ್ಚಿಕೋಬೇಕು. 1620ರ ಸುಮಾರಿಗೆ ಒಬ್ಬ ಸ್ಪ್ಯಾನಿಷ್ ಪಾದ್ರಿ ಶಿಲುಬೆ ಆಕಾರದ ಒಂದು ಗುರ್ತು ತಂದ, ನಮ್ಮ ಅರ್ಧಾಕ್ಷರದ ಗುರ್ತಿನಂಥಾದ್ದು. ಜನಕ್ಕ ಅದು ಹಿಡಿಸಲಿಲ್ಲ. ಹಿಂಗಾಗಿ ಙ್ ನುಂಗೂದಕ್ಕ ಹಳೇ ದಾಖಲೆ ಅದ. ಆದ್ರ ನುಂಗಿದ್ದು ಬರಹದಾಗ, ಮಾತಿನಾಗಲ್ಲ!

ದಾವೊ_ಹುಡುಗ

ಲೇಟಾಗಿ ಬಂದೆ. ಬೆಂಗಳೂರಿನವನು, ಫಿಲಿಪ್ಪೀನ್ಸ್‌ನ ದಕ್ಷಿಣದ ದಾವೊದಲ್ಲಿ ಮೆಡಿಕಲ್ ಓದ್ತಿದ್ದೀನಿ. ಇಲ್ಲಿ ಸೀನೇ ಬೇರೆ ಗುರು. ಇಲ್ಲಿ ಟಗಾಲೊಗ್ ಅಲ್ಲ, ಬಿಸಾಯ ಮಾತಾಡೋದು (ಸೆಬುವಾನೊ ಅಂತಲೂ ಅಂತಾರೆ). ‘ಮಯ್’ ಜಾಗದಲ್ಲಿ ‘ನಾಅ’. ‘ನಾಅ ಕೊಯ್ ಕ್ವಾರ್ತ’, ನನ್ನ ಹತ್ರ ದುಡ್ಡಿದೆ. ‘ವಲ ಕೊಯ್ ಕ್ವಾರ್ತ’, ದುಡ್ಡಿಲ್ಲ. ವಲ ಮಾತ್ರ ಎರಡರಲ್ಲೂ ಒಂದೇ. ಅಲ್ಲೇ ನಾನು ಎಡವಿದ್ದು.

ಕನ್ನಡದಲ್ಲಿ ‘ದುಡ್ಡಿಲ್ಲ’ ಅನ್ನೋಕೂ ಇಲ್ಲ, ‘ಅವನು ಬರಲಿಲ್ಲ’ ಅನ್ನೋಕೂ ಇಲ್ಲ. ಬಿಸಾಯದಲ್ಲೂ ನಡೆದುಹೋದ ಕೆಲಸಕ್ಕೆ ವಲ ಹಾಕ್ತಾರೆ. ‘ವಲ ಕೊ ಕಸಬೊತ್’, ನನಗೆ ಅರ್ಥ ಆಗಲಿಲ್ಲ. ಪೇಷೆಂಟ್‌ಗಳ ಮುಂದೆ ನಾನು ದಿನಕ್ಕೆ ನಲವತ್ತು ಸಲ ಹೇಳೋ ವಾಕ್ಯ ಇದು. ನಮಗೆ ಹಬ್ಬ! ಹೀಗೇ ಅಂತ ಮನಿಲಾಗೆ ಹೋದಾಗ ‘ವಲ ಸಿಯ ದುಮತಿಙ್’ ಅಂದೆ. ಗೆಳೆಯರು ‘ಬಿಸಾಯ, ಬಿಸಾಯ’ ಅಂತ ಕಾಲೆಳೆದ್ರು. ಟಗಾಲೊಗ್‌ನಲ್ಲಿ ಕ್ರಿಯಾಪದಕ್ಕೆ ‘ಹಿಂದಿ’. ಹಿಂದಿ ಸಿಯ ದುಮತಿಙ್, ಅವನು ಬರಲಿಲ್ಲ.

ಹಂಗಾಗಿ ಟಗಾಲೊಗ್ ಕಲಿಯೋರು ‘ಅಲ್ಲ ಅಂದ್ರೆ ಹಿಂದಿ, ಇಲ್ಲ ಅಂದ್ರೆ ವಲ’ ಅಂತ ಕಣ್ಣುಮುಚ್ಚಿ ನಂಬಬೇಡಿ. ‘ನಾನು ಡಾಕ್ಟರ್ ಅಲ್ಲ’, ಹಿಂದಿ ಅಕೊ ದೊಕ್ತೊರ್, ಅಲ್ಲಿವರೆಗೂ ಓಕೆ. ‘ಬರಲಿಲ್ಲ’, ‘ತಿನ್ನಲ್ಲ’, ‘ಗೊತ್ತಿಲ್ಲ’ ಬಂದಾಗ ನಮ್ಮ ‘ಇಲ್ಲ’ ಮೋಸ ಮಾಡುತ್ತೆ.

ದುಬೈ_ದರ್ಶಿನಿ

ಒಳ್ಳೆ ಪಾಯಿಂಟು. ಆದ್ರೆ ಒಂದು ಕಡೆ ಕ್ರಿಯಾಪದಕ್ಕೂ ವಲ ಬರುತ್ತೆ ತಮ್ಮಾ. ‘ವಲಙ್ ದುಮತಿಙ್’ ಅಂದ್ರೆ ‘ಯಾರೂ ಬರಲಿಲ್ಲ’. ಇಲ್ಲಿ ಙ್ ನೋಡಿ. ‘ಬಂದವರು ಇಲ್ಲ’ ಅಂತ ಬಿಡಿಸಿಕೊಂಡ್ರೆ ಗೊತ್ತಾಗುತ್ತೆ. ಹಾಗೇ ‘ಮಯ್ ದುಮತಿಙ್’, ಬಂದವರು ಉಂಟು, ಅಂದ್ರೆ ‘ಯಾರೋ ಬಂದ್ರು’. ‘ಯಾರೋ’, ‘ಏನೋ’, ‘ಯಾರೂ’ ಅನ್ನೋಕೆ ಬೇರೆ ಪದ ಹುಡುಕೋದೇ ಬೇಡ. ‘ಮಯ್ ಸಸಬಿಹಿನ್ ಅಕೊ’, ನಾನು ಹೇಳೋದು ಒಂದಿದೆ. ನಮ್ಮ ಸೂಪರ್‌ವೈಸರ್ ಹೀಗಂದ್ರೆ ರಜೆ ಕ್ಯಾನ್ಸಲ್ ಆಯ್ತು ಅಂತಲೇ ಅರ್ಥ.

ಮಂಡ್ಯದಿಂದ_ಲಗೂನಾಕ್ಕೆ

ಈಗ ವಲ ಬಂತಲ್ಲ, ನನ್ನ ಮಾನ ಹೋದ ಕಥೆ ಹೇಳಿಬಿಡ್ತೀನಿ.

ಪಕ್ಕದ್ಮನೆ ಆತೆಗೆ ಅರವತ್ತರ ಹತ್ತಿರ ವಯಸ್ಸು, ನನ್ನ ಮೇಲೆ ತುಂಬಾ ಅಕ್ಕರೆ. ಒಂದು ಬೆಳಿಗ್ಗೆ ಗೇಟಿನ ಹತ್ರ ಬಂದು ‘ತಾಒ ಪೊ!’ ಅಂತ ಕೂಗಿದ್ರು. ಇಲ್ಲಿ ಮನೆ ಮುಂದೆ ನಿಂತು ಕರೆಯೋದು ಹಾಗೆ, ‘ಮನುಷ್ಯರು ಬಂದಿದ್ದೀವಿ’ ಅನ್ನೋ ಥರ. ಯಜಮಾನರನ್ನ ಕೇಳಿದ್ರು. ಅವರು ಆಗಲೇ ಗದ್ದೆಗೆ ಹೊರಟಿದ್ರು. ‘ನ’ ಅಂದ್ರೆ ‘ಆಗಲೇ, ಆಯ್ತು’ ಅಂತ ಹಿಂದಿನ ದಿನ ಕಲಿತಿದ್ದೆ. ಜಂಬದಿಂದ ಹೇಳಿದೆ: ‘ವಲ ನ ಪೊ ಅಙ್ ಅಸಾವ ಕೊ.’

ಆತೆ ಎದೆ ಮೇಲೆ ಶಿಲುಬೆ ಗುರುತು ಮಾಡ್ಕೊಂಡು ನನ್ನನ್ನ ತಬ್ಬಿಕೊಂಡ್ರು. ಇಷ್ಟು ಪ್ರೀತಿ ಯಾಕೋ ಅಂದ್ಕೊಂಡೆ. ಒಂದು ಗಂಟೆ ಆದ್ಮೇಲೆ ಒಂದು ದೊಡ್ಡ ಪಾತ್ರೆ ತುಂಬ ಪನ್ಸಿತ್ (ಶಾವಿಗೆ) ಬಂತು, ಜೊತೆಗೆ ಇನ್ನಿಬ್ಬರು ಹೆಂಗಸರು. ಮೂವರೂ ಕೂತು ನನ್ನ ಕೈ ಹಿಡ್ಕೊಂಡಿದ್ದಾರೆ. ಸಂಜೆ ಐದಕ್ಕೆ ಯಜಮಾನರು ಕೆಸರು ಬೂಟು ಹಾಕ್ಕೊಂಡು ಗೇಟು ತಳ್ಳಿದ್ರು. ಆ ಹೆಂಗಸರ ಮುಖ ನಾನು ಈ ಜನ್ಮದಲ್ಲಿ ಮರೆಯಲ್ಲ.

ಹಳೆ_ಮಾಸ್ತರ

ಅಯ್ಯ ತಂಗಿ! ‘ವಲ ನ’ ಅಂದ್ರ ಶಬ್ದಕ್ಕ ಶಬ್ದ ನಮ್ಮ ‘ಇನ್ನಿಲ್ಲ’! ಪೇಪರಿನ್ಯಾಗ ‘ಹಿರಿಯ ಸಾಹಿತಿ ಇನ್ನಿಲ್ಲ’ ಅಂತ ಬರತದಲ್ಲ, ಅದ. ಅಂಗಡ್ಯಾಗ ‘ವಲ ನ ಪೊ’ ಅಂದ್ರ ಸಾಮಾನು ಖಾಲಿ ಆತು ಅಂತ. ಮನುಷ್ಯಾರಿಗೆ ಹೇಳಿದ್ರ ಮನುಷ್ಯಾ ಖಾಲಿ ಆದ ಅಂತ.

‘ವಲ ಪೊ ದಿತೊ’, ಇಲ್ಲೆ ಇಲ್ರಿ, ಅಂದಿದ್ರ ಸಾಕಿತ್ತು. ಇಲ್ಲಾ ‘ಉಮಲಿಸ್ ನ ಪೊ’, ಹೊರಟುಹೋದ್ರು. ‘ವಲ ಪ’ ಅಂದ್ರ ‘ಇನ್ನೂ ಇಲ್ಲ’, ಅಂದ್ರ ಬರೂದು ಬಾಕಿ ಅದ. ಪ ಮತ್ತ ನ, ಒಂದ ಅಕ್ಷರದಾಗ ಜೀವ-ಸಾವಿನ ಫರಕು.

ಕಡಲಹಕ್ಕಿ

ಪನ್ಸಿತ್ ವಾಪಸ್ ಕೊಟ್ಟಿರಾ?

ಮಂಡ್ಯದಿಂದ_ಲಗೂನಾಕ್ಕೆ

ಯಜಮಾನರೇ ತಿಂದ್ರು. ಅವರ ತಿಥಿ ಊಟ ಅವರೇ.

ಕಡಲಹಕ್ಕಿ

ನಕ್ಕು ನಕ್ಕು ಸಾಕಾಯಿತು. ಎಲ್ಲಿ ಇದ್ದಾರೆ ಅಂತ ಹೇಳ್ಲಿಕ್ಕೆ ‘ನಾಸ’ ಉಂಟಲ್ಲ ಅಕ್ಕ. ‘ನಾಸ ಬುಕಿದ್ ಪೊ’, ಗದ್ದೆಯಲ್ಲಿದ್ದಾರೆ. ಹೆಸರಿರುವ ಜನ, ಗೊತ್ತಿರುವ ವಸ್ತು, ಇವರಿಗೆ ಮಯ್ ಹಾಕ್ಲಿಕ್ಕೆ ಇಲ್ಲ. ‘ಮೇಜಿನ ಮೇಲೆ ಒಂದು ಪುಸ್ತಕ ಉಂಟು’ ಅಂದರೆ ಮಯ್ ಲಿಬ್ರೊ ಸ ಮೆಸ. ‘ಆ ಪುಸ್ತಕ ಮೇಜಿನ ಮೇಲೆ ಉಂಟು’ ಅಂದರೆ ನಾಸ ಮೆಸ ಅಙ್ ಲಿಬ್ರೊ. ಆದರೆ ಇಲ್ಲ ಅಂತ ಹೇಳುವಾಗ ನಾಸಕ್ಕೂ ವಲವೇ: ವಲ ಸ ಮೆಸ ಅಙ್ ಲಿಬ್ರೊ.

ಇನ್ನೊಂದು ಹೇಳ್ಲಿಕ್ಕೆ ಮರೆತೆ. ‘ನಮ್ಮ ಹತ್ರ ಇಲ್ಲ’ ಅನ್ನುವಾಗ ಜಾಗ್ರತೆ. ‘ವಲ ತಯೊಙ್ ಪೆರ’ ಅಂದರೆ ನಿನ್ನನ್ನೂ ಸೇರಿಸಿ ನಮ್ಮೆಲ್ಲರ ಹತ್ರ ದುಡ್ಡಿಲ್ಲ. ‘ವಲ ಕಮಿಙ್ ಪೆರ’ ಅಂದರೆ ನಮ್ಮ ಹತ್ರ ಇಲ್ಲ, ನಿನ್ನ ಸುದ್ದಿ ಬೇರೆ. ಕನ್ನಡದವರಿಗೆ ಎರಡಕ್ಕೂ ‘ನಾವು’ ಒಂದೇ. ನಾವು ತುಳು ಮಾತಾಡುವವರಿಗೆ ಇದು ಹುಟ್ಟಿನಿಂದ ಬಂದದ್ದು. ‘ನಮ’ ಅಂದರೆ ನೀನೂ ಸೇರಿ, ‘ಎಂಕುಳು’ ಅಂದರೆ ನಿನ್ನನ್ನು ಬಿಟ್ಟು. ಸಾಲ ಕೇಳ್ಲಿಕ್ಕೆ ಬಂದವನಿಗೆ ಬಾಯಿ ತಪ್ಪಿ ‘ತಯೊಙ್’ ಹೇಳಿದರೆ ಅವನ ಕಿಸೆಯನ್ನೂ ನೀವೇ ಖಾಲಿ ಮಾಡಿದ ಹಾಗೆ.

ದಾವೊ_ಹುಡುಗ

ಸಾಲ ಅಂದಾಗ ನೆನಪಾಯ್ತು, ಜೀಪ್ನಿಗಳಲ್ಲಿ (ಇಲ್ಲಿ ಬಸ್ಸಿನ ಥರ ಓಡೋ ಉದ್ದನೆ ಜೀಪು) ‘ಬರ್ಯ ಲಙ್ ಪೊ ಸ ಉಮಾಗ’ ಅಂತ ಬೋರ್ಡ್ ಇರುತ್ತೆ, ಬೆಳಿಗ್ಗೆ ಹೊತ್ತು ಚಿಲ್ಲರೆ ಮಾತ್ರ. ನಮ್ಮ ಬಿಎಂಟಿಸಿ ಕಂಡಕ್ಟರ್ ಜಗಳನ ಇವರು ಮರ್ಯಾದೆಯಾಗಿ ಬರೆದು ನೇತುಹಾಕಿದ್ದಾರೆ. ‘ವಲ ಪೊ ಅಕೊಙ್ ಬರ್ಯ’ ಬಾಯಿಪಾಠ ಮಾಡ್ಕೊಳ್ಳಿ, ಚಿಲ್ಲರೆ ಇಲ್ರೀ ಅಂತ. ಮತ್ತೆ ಚಂಡಮಾರುತ ಬಂದಾಗ ಫೋನಲ್ಲಿ ಎಲ್ಲರೂ ಹುಡುಕೋದು ಎರಡೇ ಪದ, ‘ವಲಙ್ ಪಾಸೊಕ್’. ಕ್ಲಾಸ್ ಇಲ್ಲ. ಇಷ್ಟು ಸುಂದರವಾದ ವಾಕ್ಯ ಯಾವ ಭಾಷೆಯಲ್ಲೂ ಇಲ್ಲ.

ಬಿಸಿಬೇಳೆ_ಬ್ರೋ

ಹ್ಯಾವ್ ವಾಪಸ್ ತಗೊಂಡೆ. ಒಂದು ಡೌಟು: ‘ಇತ್ತು’, ‘ಇರುತ್ತೆ’ ಹೇಗೆ?

ಹಳೆ_ಮಾಸ್ತರ

ಮಯ್‌ಗೆ ಕಾಲ ಇಲ್ಲ. ‘ಮಯ್ ಕ್ಲಾಸೆ ಕಹಾಪೊನ್’, ನಿನ್ನೆ ಕ್ಲಾಸ್ ಇತ್ತು. ‘ಮಯ್ ಕ್ಲಾಸೆ ಬೂಕಸ್’, ನಾಳೆ ಅದ. ನಿನ್ನೆ-ನಾಳೆ ಅನ್ನೂ ಪದಾನ ಕೆಲಸಾ ಮಾಡತದ. ಹೊಸದಾಗಿ ಉಂಟಾತು, ಒದಗಿಬಂತು ಅನ್ನೂದಿದ್ರ ‘ಮಗ್ಕರೊಒನ್’ ಅನ್ನೂ ಬ್ಯಾರೆ ಕ್ರಿಯಾಪದ ಅದ. ‘ನಗ್ಕರೊಒನ್ ನಙ್ ಸೂನೊಗ್’, ಬೆಂಕಿ ಅನಾಹುತ ಆತು. ಅದು ಮುಂದಿನ ಪಾಠ, ಈಗ ಬ್ಯಾಡ.

ಒಂದು ಮಾತು ಮಾತ್ರ ಹೇಳಿಬಿಡತೇನಿ, ನನಗ ಭಾಳ ಸೇರಿದ್ದು. ಆ ಭಾಷಾದಾಗ ಮುಖಕ್ಕ ‘ಮುಖ’ ಅಂತನ ಅಂತಾರ, ಗುರುವಿಗೆ ‘ಗುರೊ’ ಅಂತಾರ. ಸಂಸ್ಕೃತ ಅಲ್ಲೀತನಾ ಹಡಗು ಹತ್ತಿ ಹೋಗಿತ್ತು. ಮಾನ ಹೋದಾಂವ ಅಲ್ಲೆ ಹೇಳೂ ಮಾತು: ‘ವಲ ನ ಅಕೊಙ್ ಮುಖಙ್ ಇಹಹರಪ್’. ತೋರಸಲಿಕ್ಕೆ ನನಗಿನ್ನ ಮುಖಾ ಇಲ್ಲ. ಪನ್ಸಿತ್ ತಂದ ಆ ಹೆಣ್ಣುಮಕ್ಕಳಿಗೆ ನೀವು ಇದನ್ನ ಹೇಳಬಹುದಿತ್ತು ತಂಗಿ.

ಮಂಡ್ಯದಿಂದ_ಲಗೂನಾಕ್ಕೆ

ಹೇಳ್ದೆ ಮಾಸ್ತರೇ! ಇವತ್ತು ಬೆಳಿಗ್ಗೆ. ಆದ್ರೆ ಮೊದಲು ಅಂಗಡಿ ಸುದ್ದಿ.

ಮನೇಲಿ ನುಗ್ಗೆಸೊಪ್ಪು ಬೇಕಿತ್ತು, ಇಲ್ಲಿ ಮಲುಙ್‌ಗಾಯ್ ಅಂತಾರೆ. ದಾರಿಯುದ್ದ ರೈಲಿನ ಡಬ್ಬಿ ಜೋಡಿಸಿಕೊಂಡು ಹೋದೆ. ‘ಮೆರೊನ್ ಪ ಪೊ ಬ ಕಯೊಙ್ ಮಲುಙ್‌ಗಾಯ್?’ ಗಾರ್ಡ್ ಕೊನೆ ಡಬ್ಬೀಲೇ ಇದ್ದ. ಅಂಗಡಿ ಆತೆ ಒಂದು ಕ್ಷಣ ಸುಮ್ಮನಾಗಿ ‘ಮೆರೊನ್ ಪ!’ ಅಂತ ಒಳಗೆ ಓಡಿದ್ರು. ಎರಡು ಕಟ್ಟು ತಂದು, ಅಕ್ಕಿನೂ ಬೇಕಾ ಅಂತ ಮತ್ತೆ ಕೇಳಿದ್ರು. ‘ಮೆರೊನ್ ನ ಪೊ ಅಕೊಙ್ ಬಿಗಸ್’ ಅಂದೆ. ಈ ಸಲ ನನ್ನ ಸೆರಗು ನೋಡಲಿಲ್ಲ.

ವಾಪಸ್ ಬರುವಾಗ ಪಕ್ಕದ್ಮನೆ ಆತೆ ಗಿಡಕ್ಕೆ ನೀರು ಹಾಕ್ತಿದ್ರು. ಮಾಸ್ತರ ಮುಖದ ವಾಕ್ಯ ಒಪ್ಪಿಸಿದೆ. ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಯಜಮಾನರು ಬೂಟು ಹಾಕ್ಕೊಂಡು ಹೊರಗೆ ಬಂದ್ರು. ಆತೆ ಅವರನ್ನ ಮೇಲಿಂದ ಕೆಳಗೆ ನೋಡಿ ‘ಓ, ಬುಹಯ್ ಕ ಪ ಪಲ!’ ಅಂದ್ರು. ಬುಹಯ್ ಅಂದ್ರೆ ಬದುಕಿರೋದು, ಕ ಅಂದ್ರೆ ನೀನು, ಪ ಅಂದ್ರೆ ಇನ್ನೂ. ಅಷ್ಟು ಗೊತ್ತಾಯ್ತು. ಕೊನೆಯ ‘ಪಲ’ ಏನು?

ಹಳೆ_ಮಾಸ್ತರ

‘ಇನ್ನೂ ಬದುಕೀದಿ ಅಲ್ಲೋ!’ ಅಂತೇವಲ್ಲ, ಆ ‘ಅಲ್ಲೋ’. ಅದಕ್ಕ ಹೊಸಾ ಎಳಿ ತಗೀರಿ ತಂಗಿ, ಇದರಾಗ ಹಿಡಿಸೂದುಲ್ಲ.